ಆ ಮನೆಯ ನಂಬರು

ಜೂನ್ 3, ಸೋಮವಾರ
ಮನೆಮನೆಗೆ ಪುಸ್ತಕ ಕೊಡುವ ಕೆಲಸದಲ್ಲಿ ಇವತ್ತು ಹನ್ನೊಂದು ಮನೆ. ಪುಸ್ತಕದ ಚೀಲ ಹೊತ್ತು ಭುಜ ಬಿದ್ದೇಹೋಯಿತು. ಅದರ ಮೇಲೆ ಕಂಪ್ಯೂಟರಿನ ಕೆಲಸ ಬೇರೆ. ನಮ್ಮ ವಾಯನಶಾಲೆ, ಅಂದರೆ ಊರ ಗ್ರಂಥಾಲಯದ ಕಾರ್ಯದರ್ಶಿ, ಮೇಷ್ಟರಾದ ಮಾಧವನ್ ಮಾಷಿಗೆ ಹೊಸ ಕ್ಯಾಟಲಾಗಿನ ಹುಚ್ಚು — ಜನ ಫೋನಿನಲ್ಲೇ ಪುಸ್ತಕ ಹುಡುಕಬೇಕಂತೆ. ಏಳು ಸಾವಿರ ಪುಸ್ತಕ ಏರಿಸಿದವಳು ನಾನು. ಹೊಗಳಿಕೆ ಮಾಷಿಗೆ.

ಹನ್ನೊಂದನೇ ಮನೆಯ ಓಮನಳಿಗೆ ಕ್ಲರ್ಕ್ ಪರೀಕ್ಷೆಯ ಗೈಡ್ ಕೊಟ್ಟೆ. ಹಳೇ ರಿಜಿಸ್ಟರಿನಲ್ಲಾದರೆ 'ಮೀನಿನ ಅಡುಗೆ' ಅಂತ ಬರೆದುಬಿಡುತ್ತಿದ್ದೆ. ಬಾರ್‌ಕೋಡಿಗೆ ಸುಳ್ಳು ಹೇಳಲು ಬರುವುದಿಲ್ಲ. ಪರೀಕ್ಷೆ 29ಕ್ಕೆ. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಸಲ. ಹೋದ ವರ್ಷ ಅವಳ ಗಂಡ ಸಜೀವನ್‌ಗೆ ಗೊತ್ತಾಗಿ ಹಾಲ್ ಟಿಕೆಟ್ ಒಲೆ ಸೇರಿತ್ತು.

ಜೂನ್ 12
ಪುಸ್ತಕ ವಾಪಸ್ ಕೊಡುವ ಗಡುವು ನೆನಪಿಸುವ ಸಂದೇಶ ಇವತ್ತಿನಿಂದ ಓದುಗರ ಮೊಬೈಲಿಗೆ ಶುರು. ಹೆಂಡತಿ ಓದುವ ಪತ್ತೇದಾರಿ ಕಾದಂಬರಿಯ ಗಡುವು ತಮ್ಮ ಫೋನಿಗೆ ಬಂತು ಅಂತ ಚಹಾದಂಗಡಿಯವರು ನಗಾಡಿದರು. ನಾನೂ ನಕ್ಕೆ. ಆಮೇಲೆ ಬಂದು ಕಂಪ್ಯೂಟರು ತೆರೆದು ನೋಡಿದೆ. ಎಲ್ಲ ಹೆಂಗಸರ ಹೆಸರಿನ ಮುಂದೂ ಮನೆ ಯಜಮಾನನ ನಂಬರೇ. ತುಂಬಿದವಳು ನಾನೇ... ಯಾವಾಗಲೂ ಹಾಗೇ ತುಂಬುವುದು.

ಓಮನಳ ಗಡುವು 23. ಮೂರು ದಿನ ಮೊದಲೇ ಸಜೀವನ್‌ಗೆ ಸಂದೇಶ ಹೋಗುತ್ತದೆ — ಪುಸ್ತಕದ ಹೆಸರಿನ ಸಮೇತ.

ಜೂನ್ 14, ಮಧ್ಯಾಹ್ನ
ಅವಳ ಹೆಸರಿಗೆ ನನ್ನ ನಂಬರು ಹಾಕಲು ಕೂತೆ. ಓಟಿಪಿ ಕೇಳಿತು. ಅದು ಹೋಗುವುದು ಹಳೇ ನಂಬರಿಗೇ. ಅವಧಿ ವಿಸ್ತರಿಸಿದರೂ ಅದಕ್ಕೇ ಸಂದೇಶ. ಓಮನಳ ಹೆಸರೆತ್ತದೆ ಮಾಷಿಗೆ ಹೇಳಿದೆ.

"ವಿಲಾಸಿನಿ, ಗಂಡನಿಂದ ಮುಚ್ಚಿಡೋವಂಥ ಪುಸ್ತಕ ನಮ್ಮಲ್ಲಿ ಯಾವುದಿದೆ?" ಅಂದರು.

ಕ್ಯಾಟಲಾಗಿನ ಕಂಪನಿಗೆ ಫೋನು ಮಾಡಿದರೆ ದೂರು ದಾಖಲಾಗಿದೆ ಅನ್ನುತ್ತಾರೆ, ಅಷ್ಟೇ.

ಜೂನ್ 19, ಬುಧವಾರ
ಬೇರೆ ದಾರಿ ಕಾಣಲಿಲ್ಲ. ಓಮನಳ ಮನೆಗೆ ಹೋಗಿ ಪುಸ್ತಕ ವಾಪಸ್ ಕೇಳಿದೆ. ಅಕ್ಕಿ ಡಬ್ಬಿಯಿಂದ ತೆಗೆದಳು.

"ಗಣಿತ ಇನ್ನೂ ಮುಟ್ಟೇ ಇಲ್ಲ ಚೇಚಿ. ಹತ್ತು ದಿನ ಇಟ್ಕೊಳ್ಳೋಕೆ ಆಗಲ್ವಾ?"

"ನಾಳೆ ಗಡುವಿನ ಸಂದೇಶ ಅವನ ಫೋನಿಗೆ ಬರುತ್ತೆ ಕಣೇ."

ಪುಸ್ತಕವನ್ನು ಟವೆಲಿನಲ್ಲಿ ಒರೆಸಿ ಕೊಟ್ಟಳು. ನನ್ನ ಮೇಲೆ ನನಗೇ ಅಸಹ್ಯ.

ಅದೇ ದಿನ, 4.10
ಬಾರ್‌ಕೋಡ್ ಓದಿಸಿ 'ವಾಪಸ್' ಒತ್ತಿದೆ. ಸದ್ಯ ಮುಗಿಯಿತು ಅಂದುಕೊಂಡೆ. ಪರದೆಯ ಮೇಲೆ ಹಸಿರು ಅಕ್ಷರ: 'ಧನ್ಯವಾದದ ಸಂದೇಶ ಕಳುಹಿಸಲಾಗಿದೆ. ಕ್ಲರ್ಕ್ ಪರೀಕ್ಷೆ ಗೈಡ್ ನಿಮಗೆ ಹೇಗನ್ನಿಸಿತು?'

ಸಜೀವನ್ ಐದಕ್ಕೆ ಮನೆಗೆ ಬರುತ್ತಾನೆ. ಅಷ್ಟರೊಳಗೆ ಓಮನಳಿಗೆ ಹೇಳಬೇಕು. ನಡೆದು ಹೋದರೆ ಐದು ದಾಟುತ್ತದೆ. ಫೋನು ಮಾಡೋಣ ಅಂದರೆ ಆ ಮನೆಯದು ಅಂತ ನನ್ನ ಹತ್ತಿರ ಇರುವುದು ಒಂದೇ ನಂಬರು, ಅದೂ —