ಮೂರು ಮಡಕೆಯ ನೀರು

ಉಳವಿ
೧೪ ಜುಲೈ ೨೦೨೪

ಪ್ರೀತಿಯ ಮಗಳು ಶ್ರೀಲತಾಳಿಗೆ ಅಪ್ಪನ ಆಶೀರ್ವಾದಗಳು.

ಶಿಕಾರಿಪುರಕ್ಕೆ ಹೋದ ಮೇಲೆ ನಿನ್ನ ಸೊಂಟನೋವು ಹೇಗಿದೆ? ಕೂಸು ಮಗುಚಿಕೊಳ್ಳುತ್ತದೆಯೇ? ಅಳಿಯಂದಿರೂ ಬೀಗಿತ್ತಿಯೂ ಕ್ಷೇಮವೆಂದು ನಂಬಿದ್ದೇನೆ. ನಿನ್ನೆ ಫೋನಿನಲ್ಲಿ, ಮಡಕೆ ನೀರನ್ನು ಕುದಿಸದೆ ಕುಡಿಯಬೇಡ ಎಂದಷ್ಟೇ ಹೇಳಿದೆ. ಏಕೆಂದು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ನಮ್ಮ ಬಾವಿಯ ತಳದ ನೀರು ಕೆಸರಾಗುತ್ತದೆಂದು ನಿನ್ನ ಬಾಣಂತನಕ್ಕೆಂದೇ ನಾನು ಒಂದರ ಮೇಲೊಂದು ಮೂರು ಮಡಕೆ ಇಟ್ಟು, ಜಲ್ಲಿ, ಮರಳು, ಇದ್ದಿಲು ತುಂಬಿದ್ದು. ಕೆಳಗಿಳಿದ ನೀರು ಎಷ್ಟು ತಿಳಿಯಾಗಿತ್ತೆಂದರೆ ಬಂದವರಿಗೆಲ್ಲ ಲೋಟ ಎತ್ತಿ ತೋರಿಸುತ್ತಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಿಮಗೆ ಹೇಳಿಕೊಟ್ಟವನೇ ನಾನು, ನೋಡು. ನೀನು ಹೊರಟಾಗಲೂ ಅಂಥದೇ ಮೂರು ಮಡಕೆ ಜೋಡಿಸಿ ಕಾರಿಗಿಟ್ಟೆ.

ಕಳೆದ ವಾರ ಆಶಾ ಕಾರ್ಯಕರ್ತೆ ಸುಮಾ ನೀರು ಪರೀಕ್ಷೆಯ ಪುಟ್ಟ ಬಾಟಲಿ ತಂದಾಗ ನಾನೇ ಮುಂದೆ ಬಿದ್ದು ಮಡಕೆ ನೀರು ತುಂಬಿಸಿಕೊಟ್ಟೆ. ಎರಡು ದಿನಕ್ಕೆ ಅದು ಮಸಿಯ ಹಾಗೆ ಕಪ್ಪಾಯಿತು; ಕಪ್ಪಾದರೆ ನೀರಿನಲ್ಲಿ ಕ್ರಿಮಿಯಿದೆ ಎಂದರ್ಥವಂತೆ. 'ಮರಳು, ಇದ್ದಿಲು ಕೆಸರು ತಡಿತಾವೆ ಜಟ್ಟಣ್ಣ. ರೋಗದ ಕ್ರಿಮಿ ತಡೆಯಲ್ಲ, ಕುದಿಸ್ಲೇಬೇಕು' ಎಂದಳು. ಹಸಿ ಬಾಣಂತಿಗೆ ಮೂರು ತಿಂಗಳು ಆ ನೀರು ಕುಡಿಸಿದೆನಲ್ಲ, ಕೂಸಿನ ಬಾಯಿಗೂ ಚಮಚದಲ್ಲಿ ಹಾಕಿದ್ದೆವಲ್ಲ ಎಂದು ಜಗಲಿಯಲ್ಲೇ ಕುಸಿದು ಕೂತೆ.

ನಿನ್ನ ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಲೂ ಇಲ್ಲ. 'ಬಾಣಂತಿಗೆ ಕುದಿಸದ ನೀರು ಯಾರಾದ್ರೂ ಕೊಡ್ತಾರೇನ್ರೀ? ನಿಮ್ಮ ಮಡಕೆಯಿಂದ ಇಳಿದದ್ದನ್ನ ದಿನಾ ಕುದಿಸೇ ಕೊಡ್ತಿದ್ದೆ' ಎಂದಳು. ಕಟ್ಟಿಗೆ ಇಷ್ಟು ಬೇಗ ಹೇಗೆ ಮುಗಿಯುತ್ತದೆ ಎಂದು ಬೇಸಿಗೆಯಿಡೀ ಅವಳ ಮೇಲೆ ರೇಗಿದ್ದು ಆಗ ನೆನಪಾಯಿತು. ನಾಚಿಕೆಯೇನೋ ಆಯಿತು ಮಗಳೇ, ಆದರೆ ಅದಕ್ಕಿಂತ ಹೆಚ್ಚಾಗಿ ಹೋದ ಜೀವ ಬಂದಂತಾಯಿತು. ನಿನ್ನ ಮಡಕೆಗಳನ್ನು ಎಸೆಯಬೇಡ. ಕೆಸರು ಅಲ್ಲಿ ನಿಲ್ಲಲಿ, ಆಮೇಲೆ ಚೆನ್ನಾಗಿ ಕುದಿಸು.

ಅಳಿಯಂದಿರಿಗೂ ನಿನಗೂ ಆಶೀರ್ವಾದ. ಕೂಸಿನ ಕೆನ್ನೆಗೆ ಅಜ್ಜನ ಪರವಾಗಿ ಎರಡು ಮುತ್ತು ಕೊಡು.

ನಿನ್ನ ಅಪ್ಪ,
ಜಟ್ಟಪ್ಪ

ಮರೆತ ಮಾತು: ನಾನು ಮಡಕೆ ಜೋಡಿಸಿಕೊಟ್ಟ ಐದು ಮನೆಗೂ ಹೋಗಿ, ನೀರು ಕುದಿಸಿ ಎಂದು ಹೇಳಿ ಈಗಷ್ಟೇ ಬಂದೆ. ಎಲ್ಲರೂ ನಗುತ್ತಾರೆ. ಚೌಡಪ್ಪನ ಹೆಂಡತಿಯಂತೂ, 'ನಿಮ್ಮ ಹೆಂಡ್ತಿ ಮೂಕಕ್ಕ ಮಡಕೆ ಬಂದ ದಿನಾನೇ ಕುದಿಸಿ ಕುಡೀರಿ ಅಂತ ಹೇಳಿದ್ರು. ನಿಮ್ಮ ಕಿವಿಗೆ ಹಾಕ್ಬೇಡಿ, ಬೇಜಾರು ಮಾಡ್ಕೊಳ್ತಾರೆ ಅಂದಿದ್ರು' ಎಂದಳು. ನಿನ್ನೆ ನೀನೂ ಏಕೆಂದು ಕೇಳದೆ 'ಹೂಂ ಅಪ್ಪ' ಎಂದುಬಿಟ್ಟೆ. ನಿಜ ಹೇಳು, ನಿನಗೂ ಗೊತ್ತಿತ್ತೇ?