ನೀನು ಬರುವವರೆಗೆ ಕೀಳಬಾರದ ಛಾವಣಿ

ಇನ್ನೂ ಹೆಸರಿಲ್ಲದ ನನ್ನ ಮಗುವೇ,

ಹೇರೋಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಒಂದು ಕೋಣೆಯಿದೆ. ಅದಕ್ಕೆ ಇಳಿಜಾರು ಛಾವಣಿ, ಛಾವಣಿಗೆ ಶಿಂಗಲ್ಸ್: ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಬಡಿದ ಡಾಂಬರಿನ ಹಾಳೆಗಳು. ವಿದೇಶದಲ್ಲಿ ಅವು ಹಿಮವನ್ನೇ ತಡೆಯುತ್ತವಂತೆ. ನಮ್ಮಲ್ಲಿ ಈ ಬೇಸಿಗೆಯ ಮೊದಲ ಮಳೆಗೇ, ನಿನ್ನ ತೊಟ್ಟಿಲು ಕಟ್ಟಬೇಕೆಂದುಕೊಂಡಿದ್ದ ಮೂಲೆ ಸೋರಿತು.

ಕಂಟ್ರಾಕ್ಟರ್ ಕೆಂಪಯ್ಯ ಹತ್ತಿ ನೋಡಿ, "ಹಳೇದನ್ನ ಕಿತ್ತು ಹೊಸದು ಹಾಕ್ಬೇಕು ಸಾರ್" ಎಂದರು. ನಿನ್ನ ಅಜ್ಜಿ ಜಗದಾಂಬಾ ಕೆಳಗಿನಿಂದಲೇ ಕೂಗಿದರು: "ಬಸುರಿ ಇರೋ ಮನೇಲಿ ಏನನ್ನೂ ಕೀಳಬಾರ್ದು, ಒಡೀಬಾರ್ದು!"

"ಹಂಗಾದ್ರೆ ಹಳೇದರ ಮೇಲೇ ಹೊಸದು ಹೊಡೀಬೇಕಮ್ಮ."

"ಹೊಡ್ಕೊಳ್ಳಿ. ಒಡೀಬೇಡಿ."

"ಗ್ಯಾರಂಟಿ ನಾನು ಕೊಡಲ್ಲ."

"ದೇವರು ಕೊಡ್ತಾನೆ, ನೀವು ಕೆಲಸ ಮಾಡಿ."

'ಹೊಡಿ'ಯೂ 'ಒಡಿ'ಯೂ ಒಂದೇ ಆಗಿರುವ ನಮ್ಮ ಬೀದಿಯಲ್ಲಿ ಹಕಾರಕ್ಕೆ ಇಷ್ಟು ಬೆಲೆ ಬಂದದ್ದು ಅದೇ ಮೊದಲು.

ನಾನು ಕಾಲೇಜಿನಲ್ಲಿ ಪಾಠ ಹೇಳುವವನು. ಇಂಥದ್ದನ್ನೆಲ್ಲ ಗೇಲಿ ಮಾಡಿಯೇ ಹೆಸರು ಮಾಡಿದವನು. ಆದರೆ ಹೋದ ವರ್ಷ ಬಚ್ಚಲುಮನೆಯ ಟೈಲ್ಸ್ ಒಡೆಸುತ್ತಿದ್ದಾಗಲೇ, ನಿನಗಿಂತ ಮೊದಲಿನ ಮಗು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಬಿಡಿಸಿ ಹೇಳಿದರು. ನಂಬಿದೆ. ಈಗಲೂ ನಂಬುತ್ತೇನೆ. ಆದರೂ "ಕೀಳಿ ಕೆಂಪಯ್ಯನವರೇ" ಎನ್ನಲು ಬಾಯಿ ಬರಲಿಲ್ಲ.

ಉಬ್ಬಿದ ಹಳೆಯ ಹಾಳೆಗಳ ಮೇಲೆ ಹೊಸವು ಕೂತವು, ನನ್ನ ಕ್ಲಾಸಿನ ಹಿಂದಿನ ಬೆಂಚಿನವರ ಹಾಗೆ, ಕೂತೂ ಕೂರದಂತೆ. ಮೊಳೆ ಬಡಿಯುವ ಸದ್ದು ಕೇಳಿದಾಗಲೆಲ್ಲ ನಿನ್ನಮ್ಮ ಅನಘಾ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಳ್ಳುತ್ತಿದ್ದಳು, ನಿನ್ನ ಕಿವಿ ಮುಚ್ಚುವವಳಂತೆ.

ನಿನ್ನೆ ಮಳೆ ಬಂತು. ಅದೇ ಮೂಲೆ ಸೋರಿತು. ನೀರು ಎಲ್ಲಿ ನುಗ್ಗಿ, ಎರಡು ಪದರದ ನಡುವೆ ಎಲ್ಲೆಲ್ಲಿ ಹರಿದು ಬರುತ್ತಿದೆಯೋ, ಈಗ ಕೆಂಪಯ್ಯನವರಿಗೂ ಗೊತ್ತಾಗುವುದಿಲ್ಲ. ನೆಲ ಒರೆಸುತ್ತ ನಾನು, "ಕಿತ್ತೇ ಹಾಕಿಸ್ಬೇಕಿತ್ತು ಕಣೇ" ಎಂದೆ.

"ಸೋರಿದ್ರೆ ಒರೆಸ್ಕೋಬಹುದು ರೀ. ಕಿತ್ತು, ಆಮೇಲೆ ಏನಾದ್ರೂ..."

ಮಾತಿನಲ್ಲೇ ಬದುಕುವ ನಾನು ಬಟ್ಟೆ ಹಿಂಡಿ ಮತ್ತೆ ನೆಲ ಒರೆಸಿದೆ.

ಮಗೂ, ಛಾವಣಿಗೆ ನನ್ನ ಕೈಲಾದದ್ದು ಇಷ್ಟೇ. ನಿನಗಾಗಿ ಅಷ್ಟನ್ನೂ ಮಾಡಲಾರೆ. ನೀನಿರುವ ಕೋಣೆಗೆ ನನ್ನ ಯಾವ ಏಣಿಯೂ ತಲುಪುವುದಿಲ್ಲ. ಆತುರಪಡಬೇಡ. ಅಲ್ಲೇ ಬೆಚ್ಚಗಿದ್ದು, ದಿನ ತುಂಬಿಸಿಕೊಂಡು ಬಾ.

ಇಂತಿ,
ನಿನ್ನ ಅಪ್ಪನಾಗಲು ಕಾದಿರುವ
ಬಸವಕುಮಾರ್