ಬಲ್ಬಿನ ಪೆಟ್ಟಿಗೆಯ ಕೊನೆಯ ಮೊಟ್ಟೆ

ಮಾರ್ಚ್ ೯, ಭಾನುವಾರ

ನನ್ನ ಗುಂಡನಿಗೆ,

ಅಕ್ಕನ ಆಶೀರ್ವಾದ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಈ ಸಲ ಸುಳ್ಳು ಬೆರೆಸದೆ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರವಿಲ್ಲವೆಂದು ಹಡಗಿನ ಇಂಜಿನ್ ಕೋಣೆಯಲ್ಲಿ ಕೂತು ನನ್ನನ್ನು ಎಷ್ಟು ಬೈದುಕೊಂಡೆಯೋ! ಬೈದುಕೋ, ನನ್ನ ಕಿವಿಗೇನೂ ಬೀಳುವುದಿಲ್ಲ. ಅಂಗಡಿಯಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಗೆ ರಾಶಿ ಬಿದ್ದಿತ್ತು ಎನ್ನಬಹುದು, ಆದರೆ ಅದು ನೆಪ. ನೀನು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವೇ ಇರಲಿಲ್ಲ.

"ಅಪ್ಪ ಹೀಗೆ ಮಾತೇ ಆಡದೆ ಕೂತ್ರೆ ನೀನೊಬ್ಬಳೇ ಹೇಗೆ ನೋಡ್ಕೊಳ್ತೀಯ? ವೃದ್ಧಾಶ್ರಮದಲ್ಲಿ ಒಂದು ಜಾಗ ಹೇಳಿಟ್ಟಿದ್ದೀನಿ, ಹೂಂ ಅಂದ್ಬಿಡು" ಎಂದು ಬರೆದಿದ್ದೆ. ನಾನು ಹೂಂ ಅನ್ನುವುದರಲ್ಲೇ ಇದ್ದೆ ಕಣೋ. ಅಮ್ಮ ಹೋದ ದಿನದಿಂದ ಅವರ ಬಾಯಿಂದ ಒಂದು ಅಕ್ಷರ ಹೊರಬಿದ್ದಿರಲಿಲ್ಲ. ಡಾಕ್ಟರು ನೋಡಿ, "ಗಂಟಲು ಗಟ್ಟಿಯಾಗೇ ಇದೆ, ಮನಸ್ಸು ಬರ್ಬೇಕು ಅಷ್ಟೇ" ಅಂದರು. ತಟ್ಟೆ ಮುಂದಿಟ್ಟರೆ ಉಂಡರು, ಇಡದಿದ್ದರೆ ಇಲ್ಲ. ಜೀವನವಿಡೀ ಬಸ್ಸಿನಲ್ಲಿ ಕೂಗಿ ಕೂಗಿ ಕಂಡಕ್ಟರ್ ಕೆಲಸ ಮಾಡಿದ ಮನುಷ್ಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತರೆ, ನೋಡುವವರಿಗೆ ಹೇಗಾಗಬೇಕು? ಅಂಗಡಿಯಿಂದ ಮನೆಗೆ ಬರಲು ನನಗೆ ಕಾಲೇ ಏಳುತ್ತಿರಲಿಲ್ಲ.

ಇನ್ನು ಕೋಳಿ ಸಮಾಚಾರ. ಮಹಡಿ ಮೇಲಿನ ಅಮ್ಮನ ಚುಕ್ಕೆ ಕೋಳಿ ನಿನಗೆ ಗೊತ್ತಲ್ಲ, ಮೊಟ್ಟೆ ಇಡುತ್ತದೆ, ಕಾವಿಗೆ ಕೂರು ಅಂದರೆ ಮಹಾರಾಣಿಯ ಹಾಗೆ ಎದ್ದು ಹೋಗುತ್ತದೆ. ನೀನು ವೈರಿಂಗ್ ಕಲಿಯುವಾಗ ಮಾಡಿಕೊಟ್ಟ ಬಲ್ಬಿನ ಪೆಟ್ಟಿಗೆಯಲ್ಲೇ ಅಮ್ಮ ಅದರ ಮರಿಗಳನ್ನೆಲ್ಲ ಮಾಡಿಸುತ್ತಿದ್ದಳು. ಅಮ್ಮನೂ ಇಲ್ಲ, ಅಪ್ಪನೂ ಹೊರಡುತ್ತಾರೆ, ಆ ಕೋಳಿಯ ಸಂಸಾರವಾದರೂ ಮನೆಯಲ್ಲಿ ಉಳಿಯಲಿ ಎನಿಸಿತು. ಪೆಟ್ಟಿಗೆಯ ಧೂಳು ಒರೆಸಿ, ಬಲ್ಬು ಹಾಕಿ, ಬಟ್ಟಲಲ್ಲಿ ನೀರಿಟ್ಟು ಮೊಟ್ಟೆ ಜೋಡಿಸಿದೆ. ಮೊಟ್ಟೆಯನ್ನು ಆಗಾಗ ಹೊರಳಿಸದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಳ್ಳುತ್ತದಲ್ಲ, ಅದಕ್ಕೆ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಲ್ಲಿ ಪ್ರತಿ ಮೊಟ್ಟೆಗೂ ಒಂದು ಮಗ್ಗುಲಿಗೆ ಗೆರೆ, ಇನ್ನೊಂದು ಮಗ್ಗುಲಿಗೆ ಸೊನ್ನೆ ಹಾಕಿದೆ.

ಅಲ್ಲಿಂದ ಶುರುವಾಯಿತು ನೋಡು ನನ್ನ ತಲೆ ಕೆಡುವುದು. ಬೆಳಗ್ಗೆ ಗೆರೆ ಮೇಲೆ ಬರುವಂತೆ ಹೊರಳಿಸಿ ಅಂಗಡಿಗೆ ಹೋಗುತ್ತೇನೆ, ಸಂಜೆ ಬಂದರೆ ಸೊನ್ನೆ ಮೇಲಿದೆ! ಬೆಳಗ್ಗೆ ಮರೆತೆನೇನೋ ಎಂದುಕೊಂಡೆ. ಮರುದಿನವೂ ಅದೇ ಕಥೆ. ಅಂಗಡಿಯಲ್ಲೂ ಒಂದು ಅಂಗಿಗೆ ಎರಡೂ ಎಡತೋಳು ಹೊಲಿದಿದ್ದೆ, ಹಾಗಾಗಿ ನನ್ನ ಬುದ್ಧಿಯ ಮೇಲೆ ನನಗೇ ಅನುಮಾನ. ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂಬುದು ನನಗೆ ಹೊಳೆಯಲೇ ಇಲ್ಲ. ಅಪ್ಪನನ್ನು ನಾನು ಆಗಲೇ ಕುರ್ಚಿಯ ಜೊತೆ ಸೇರಿಸಿಬಿಟ್ಟಿದ್ದೆ, ನೋಡು.

ಒಂದು ದಿನ ಕತ್ತರಿ ಮರೆತು ಮಧ್ಯಾಹ್ನ ವಾಪಸು ಬಂದೆ. ಮೆಟ್ಟಿಲಲ್ಲೇ ದನಿ ಕೇಳಿತು. "ಸ್ವಲ್ಪ ಆ ಕಡೆ ಸರೀರಿ. ಒಳಗೆ ಜಾಗ ಇದೆ, ಬಾಗಿಲಲ್ಲಿ ನಿಲ್ಬೇಡಿ. ಎಲ್ರೂ ತಿರುಗ್ಕೊಳ್ಳಿ ನೋಡೋಣ." ಯಾರೋ ಹಳೇ ಡ್ರೈವರ್ ಸ್ನೇಹಿತರು ಬಂದಿದ್ದಾರೆ ಎಂದುಕೊಂಡು ಇಣುಕಿದರೆ, ಅಪ್ಪ! ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಮೊಟ್ಟೆ ಹೊರಳಿಸುತ್ತ, ಮೊಟ್ಟೆಗಳನ್ನು ಬಸ್ಸಿನೊಳಗೆ ಹತ್ತಿಸುತ್ತಿದ್ದಾರೆ. ನಾನು ಕಂಬದ ಹಾಗೆ ನಿಂತುಬಿಟ್ಟೆ. ತಿರುಗಿ ನೋಡಿದವರು, "ಏನ್ ನೋಡ್ತಾ ನಿಂತಿದ್ದೀಯ? ಬಟ್ಟಲು ಒಣಗಿದೆ, ನೀರು ತಾ" ಅಂದರು. ಅಷ್ಟೇ, ನಿನ್ನೆಯೂ ಮಾತಾಡಿದ್ದರೇನೋ ಎಂಬ ಹಾಗೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮನಸಾರೆ ಅತ್ತೆ. ನೀರು ತರುವುದು ತಡವಾಯಿತೆಂದು ಬೈಸಿಕೊಂಡೆ. ಗುಂಡ, ಬೈಸಿಕೊಳ್ಳುವುದು ಇಷ್ಟು ಸುಖವೆಂದು ನನಗೆ ಗೊತ್ತಿರಲಿಲ್ಲ.

ಮೂರನೇ ವಾರ ಮುಗಿಯುವ ಹೊತ್ತಿಗೆ ಚಿಪ್ಪಿನೊಳಗೆ ಚಿಂವ್ ಚಿಂವ್ ಶುರುವಾಯಿತು. ಚಿಪ್ಪು ಒಡೆಯಲಾಗದೆ ಒದ್ದಾಡುವ ಒಂದು ಮರಿಗೆ ಸಹಾಯ ಮಾಡಲು ನಾನು ಕೈ ಹಾಕಿದರೆ ಅಪ್ಪ ಕೈಮೇಲೆ ಹೊಡೆದರು. "ಇಳಿಯೋರನ್ನ ತಳ್ಳಬಾರ್ದು, ಅವ್ರೇ ಇಳೀತಾರೆ." ಇಳಿದವು, ಒಂದೊಂದಾಗಿ, ಒದ್ದೆ ಮುದ್ದೆಯಾಗಿ. ಪುಕ್ಕ ಒಣಗಿದ ಮೇಲೆ ಅಪ್ಪ ಅವನ್ನು ರಟ್ಟಿನ ಡಬ್ಬಕ್ಕೆ ಬಿಟ್ಟು, ಮೇಲೊಂದು ಬಲ್ಬು ನೇತುಹಾಕಿ, ಪ್ರತಿ ಮರಿಯ ಕೊಕ್ಕನ್ನೂ ನೀರಿಗೆ ಮುಟ್ಟಿಸಿ ಕುಡಿಯುವುದನ್ನು ಕಲಿಸಿದರು. "ಗುಂಪು ಕಟ್ಕೊಂಡ್ರೆ ಚಳಿ, ಮೂಲೆಗೆ ಓಡಿದ್ರೆ ಸೆಕೆ. ಪ್ಯಾಸೆಂಜರ್‌ಗಳೂ ಹಿಂಗೇನೇ" ಅಂತ ಬಲ್ಬನ್ನು ಮೇಲೆ ಕೆಳಗೆ ಮಾಡುತ್ತಾರೆ. ನಾನು ಬಾ ಬಾ ಎಂದು ಗಂಟಲು ಹರಿದುಕೊಂಡರೂ ಒಂದೂ ತಲೆಯೆತ್ತುವುದಿಲ್ಲ. ಅಪ್ಪ "ಮುಂದೆ ಬನ್ನಿ, ಮುಂದೆ" ಅಂದರೆ ಸಾಕು, ಎಲ್ಲ ದುಡುದುಡು ಓಡುತ್ತವೆ. ಚಿಪ್ಪಿನೊಳಗಿಂದಲೇ ಕೇಳಿದ ದನಿಯಲ್ಲವೇ!

ಒಂದು ಮೊಟ್ಟೆ ಮಾತ್ರ ಒಡೆಯಲಿಲ್ಲ. ಬಲ್ಬು ಆರಿಸಲು ನಾನು ಸ್ವಿಚ್ಚಿಗೆ ಕೈ ಇಟ್ಟೆ. ಅಪ್ಪ ತಮ್ಮ ಕೈ ಅಡ್ಡ ಇಟ್ಟು, "ಹೋಲ್ಡಾನ್. ಇನ್ನೊಬ್ರು ಬರೋರಿದ್ದಾರೆ" ಅಂದರು. ಆ ಮಾತು ಕೇಳಿದ್ದೇ ನಾನು ಸ್ವಿಚ್ಚಿನಿಂದ ಕೈ ತೆಗೆದೆ. ಯಾಕೆಂದು ಕೊನೆಯಲ್ಲಿ ಬರೆಯುತ್ತೇನೆ. ಊಟವನ್ನೂ ಅಲ್ಲಿಗೇ ತರಿಸಿಕೊಂಡು ಪೆಟ್ಟಿಗೆ ಕಾದರು. ಮರುದಿನ ಸಂಜೆ ಆ ತಡದ ಗಿರಾಕಿಯೂ ಬಂತು, ಎಲ್ಲಕ್ಕಿಂತ ಜೋರಾಗಿ ಅರಚುತ್ತ. ಅದಕ್ಕೆ ನಿನ್ನ ಹೆಸರನ್ನೇ ಇಟ್ಟಿದ್ದಾರೆ. ಕೋಪ ಮಾಡಿಕೊಳ್ಳಬೇಡ.

ಆದ್ದರಿಂದ ನಿನಗೆ ನನ್ನ ಉತ್ತರ: ಬೇಡ. ಆ ಜಾಗವನ್ನು ಬೇರೆ ಯಾರಿಗಾದರೂ ಕೊಡಲು ಹೇಳಿಬಿಡು. ಅಪ್ಪ ಎಲ್ಲಿಗೂ ಹೋಗುವುದಿಲ್ಲ. ಇದನ್ನು ಬರೆದ ಮೇಲೆ ನನ್ನ ಭುಜದ ಮೇಲಿನ ಮೂಟೆ ಇಳಿದಂತಾಗಿದೆ. ಹೊತ್ತಿಗೆ ಸರಿಯಾಗಿ ಉಣ್ಣು, ಇಂಜಿನ್ ಹತ್ತಿರ ಹುಷಾರಾಗಿರು, ನೂರು ಕಾಲ ಚೆನ್ನಾಗಿ ಬಾಳು.

ನಿನ್ನ
ಅಕ್ಕ

ಮರೆತಿದ್ದು: ಮರೆತಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಅಮ್ಮನನ್ನು ಹೊರಡಿಸಿದ ದಿನ ನಿನ್ನ ಹಡಗು ಸಮುದ್ರದ ಮಧ್ಯದಲ್ಲಿತ್ತು, ನಿನ್ನದು ತಪ್ಪು ಎಂದು ಯಾರೂ ಅನ್ನುವುದಿಲ್ಲ. ಆದರೆ ಅವಳನ್ನು ಎತ್ತುವಾಗ ಅಪ್ಪ ಬಾಗಿಲಿಗೆ ಕೈ ಅಡ್ಡ ಹಿಡಿದು, "ಹೋಲ್ಡಾನ್, ಇನ್ನೊಬ್ಬ ಬರೋನಿದ್ದಾನೆ" ಅಂದರು. ಶಾಲೆಗೆ ತಡವಾಗಿ ಓಡಿ ಬರುತ್ತಿದ್ದ ನಿನಗಾಗಿ ಬಸ್ಸು ನಿಲ್ಲಿಸಿಕೊಳ್ಳುತ್ತಿದ್ದರಲ್ಲ, ಅದೇ ದನಿಯಲ್ಲಿ. ಹೊತ್ತಾಗುತ್ತದೆಂದು ಯಾರೋ ಅವರ ಕೈ ಸರಿಸಿದರು. ಆಮೇಲೆ ಅವರು ಮಾತಾಡಲಿಲ್ಲ. ನೀನೂ ಅಷ್ಟೇ, ಅಂದಿನಿಂದ ಒಂದು ಕಾಗದದಲ್ಲೂ ಅಮ್ಮ ಎಂದು ಬರೆದಿಲ್ಲ, ರಜೆಯ ಸುದ್ದಿ ಎತ್ತಿಲ್ಲ.

ನಿನ್ನೆ ಎಲ್ಲ ಮರಿಗಳನ್ನೂ ಡಬ್ಬಕ್ಕೆ ಬಿಟ್ಟಾಯಿತಲ್ಲ, "ಇನ್ನು ರೈಟ್ ಅಂದ್ಬಿಡಿ ಅಪ್ಪಾ" ಎಂದು ತಮಾಷೆ ಮಾಡಿದೆ. ಅವರು ಕಿಟಕಿಯಿಂದ ಬೀದಿಯ ಕಡೆ ನೋಡಿ, "ಇರು" ಅಂದರು.